ಗೋಲ್ಡನ್ ಡಿಜಿಟಲ್ ಗ್ರೌಂಡ್: ಬಾಳೆನಾರಿನ ಕಾಗದಕ್ಕೂ ಫೋಟೊ ಹತ್ತಿಸುವ ಲೇಪನ

ಬಾಳೆನಾರಿನ ಕಾಗದದ ಮೇಲೆ ಸುಮ್ನೆ ಹಾಗೇ ಫೋಟೊ ಪ್ರಿಂಟ್ ಹಾಕಿದರೆ ಬಣ್ಣ ನಿಲ್ಲುವುದಿಲ್ಲ. ಇಂಕ್‌ಜೆಟ್ ಶಾಯಿಯಲ್ಲಿ ಹೆಚ್ಚಿನ ಪಾಲು ನೀರೇ ಅಲ್ವಾ? ನಾರಿನ ಜಾಡು ಹಿಡಿದು ಹರಡುತ್ತದೆ, ಕಣ್ಣು ಮೂಗು ಎಲ್ಲ ಮಸುಕು. ಅದನ್ನು ಮೇಲ್ಮೈಯಲ್ಲೇ ಹಿಡಿದಿಡುವುದು ಗೋಲ್ಡನ್ ಕಂಪನಿಯ ಡಿಜಿಟಲ್ ಗ್ರೌಂಡ್ ಎಂಬ, ಪ್ರಿಂಟ್‌ಗೆ ಮೊದಲು ಬಳಿಯುವ ಈ ಲೇಪನದ ಕೆಲಸ. ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ, ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ಇದರಲ್ಲಿ ಮೂರು ಬಗೆ. ಕಾಗದ, ಬಟ್ಟೆಯಂಥ ಹೀರುವ ವಸ್ತುಗಳಿಗೆ ಬಿಳಿ ಮ್ಯಾಟ್. ಹೊಳಪಿರುವ ಪಾರದರ್ಶಕದ್ದು ಇನ್ನೊಂದು. ಫಾಯಿಲ್, ಪ್ಲಾಸ್ಟಿಕ್‌ನಂಥ ಹೀರದ ವಸ್ತುಗಳಿಗೇ ಬೇರೊಂದು. ಯಾವುದು ಕೊಳ್ಳಬೇಕು ಅನ್ನುವಲ್ಲೇ ನಿಜವಾದ ತಲೆನೋವು. ಮನೆಯ ಪ್ರಿಂಟರ್‌ನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಹಾಗಾಗಿ ಕಂದು ಕಾಗದಕ್ಕೆ ಪಾರದರ್ಶಕ ಬಳಿದರೆ ಚಿತ್ರದ ಬಿಳಿ ಮೋಡವೂ ಕಂದಾಗಿಯೇ ಬರುತ್ತದೆ. ಬಿಳಿ ಬಳಿದರೆ ಬಣ್ಣ ಎದ್ದು ಕಾಣುತ್ತದೆ, ಆದರೆ ದುಡ್ಡು ಕೊಟ್ಟು ತಂದ ನಾರಿನ ಚೆಂದವೆಲ್ಲ ಮುಚ್ಚಿಹೋಗುತ್ತದೆ! ನಾನು ಚಿತ್ರ ಬೀಳುವ ಜಾಗಕ್ಕಷ್ಟೇ ಬಿಳಿ ಬಳಿದು ಅಂಚು ಬಿಡುತ್ತೇನೆ.

ಬಳಿಯುವುದು ಸುಲಭ. ಮೊದಲು ಸಡಿಲ ನಾರು, ಧೂಳು ಒರೆಸಿ. ತೆಳುವಾಗಿ ಎರಡು ಕೋಟ್ ಸಾಕು. ಮೊದಲನೆಯದು ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ರಾತ್ರಿಯಿಡೀ ಒಣಗಲಿ. ಕಾಗದ ಸುರುಳಿ ಸುತ್ತಿಕೊಂಡಿರುತ್ತದೆ, ದಪ್ಪ ಪುಸ್ತಕಗಳ ಕೆಳಗೆ ಒತ್ತಿಡಿ. ಇದನ್ನು ಬಿಟ್ಟರೆ ಎದ್ದ ಅಂಚು ಶಾಯಿ ಸಿಂಪಡಿಸುವ ಪ್ರಿಂಟ್ ಹೆಡ್‌ಗೆ ತಾಗಿ ಶಾಯಿ ಬಳಿದುಕೊಳ್ಳುತ್ತದೆ. ಹೆಡ್ ಕೆಟ್ಟರೆ ರಿಪೇರಿ ಖರ್ಚು ಜಾಸ್ತಿ.

ಪ್ರಿಂಟರ್ ಹಿಂದಿನಿಂದ ಕಾಗದ ಎಳೆದುಕೊಳ್ಳುವಂಥದ್ದಾದರೆ ಒಳ್ಳೆಯದು. ಮುಂದಿನ ಟ್ರೇಯಿಂದ ಎಳೆದು ಒಳಗೇ ಮಡಿಸಿ ತಿರುಗಿಸುವ ಪ್ರಿಂಟರ್‌ಗೆ ಇಂಥ ದಪ್ಪ ಹಾಳೆ ಹಾಕಲೇಬೇಡಿ. ಖಾದಿ ಬಟ್ಟೆಯನ್ನು ಎ4 ಹಾಳೆಗೆ ಅಂಟಿಸಿ, ಮೊದಲು ಒಳಹೋಗುವ ಅಂಚಿಗೆ ಪೂರ್ತಿ ಟೇಪ್ ಹಾಕಿ ಕಳಿಸುತ್ತೇನೆ. ಸೆಟ್ಟಿಂಗ್‌ನಲ್ಲಿ ಮ್ಯಾಟ್ ಪೇಪರ್, ದಪ್ಪ ಕಾಗದದ ಆಯ್ಕೆ ಇದ್ದರೆ ಅದೂ ಇರಲಿ.

ಪ್ರಿಂಟ್ ಆದ ಮೇಲೂ ನೀರು ತಾಗಬಾರದು. ಬ್ರಷ್‌ನಿಂದ ವಾರ್ನಿಷ್ ಬಳಿದರೆ ಶಾಯಿ ಕಲಸಿಹೋಗಬಹುದು, ಸ್ಪ್ರೇ ವಾರ್ನಿಷ್ ತೆಳುವಾಗಿ ಹೊಡೆಯಿರಿ. ಬಿಸಿಲಿಗೆ ತಡೆಯಬೇಕಿದ್ದರೆ ಬಣ್ಣ ಪೂರ್ತಿ ಕರಗಿರುವ ಡೈ ಶಾಯಿಗಿಂತ, ಬಣ್ಣದ ನುಣ್ಣನೆ ಪುಡಿ ಬೆರೆತಿರುವ ಪಿಗ್ಮೆಂಟ್ ಶಾಯಿಯ ಪ್ರಿಂಟರ್ ಮೇಲು. ಗೋಡೆಗೆ ಹಾಕುವ ಚಿತ್ರಕ್ಕೆ, ಪುಸ್ತಕದ ರಕ್ಷಾಪುಟಕ್ಕೆ ಕಣ್ಣುಮುಚ್ಚಿ ಕೊಳ್ಳಿ. ಒಗೆಯುವ ಬಟ್ಟೆಗೆ ಬೇಡ. ಮದುವೆ ಕಾರ್ಡಿನ ಹಾಗೆ ನೂರಾರು ಪ್ರತಿ ಬೇಕಿದ್ದರೆ ಸ್ಕ್ರೀನ್ ಪ್ರಿಂಟಿಂಗ್‌ನವರ ಹತ್ತಿರವೇ ಹೋಗಿ.