ಉಳಿದ ಉಲ್ಲನ್‌ಗೆ ಬಿದಿರಿನ ಕಡ್ಡಿ: ಆರು ತಿಂಗಳ ಬಳಕೆಯ ನಂತರ

ಚಿಕ್ಕಪೇಟೆಯಲ್ಲಿ 4 ಮಿ.ಮೀ. ಬಿದಿರಿನ ಹೆಣಿಗೆ ಕಡ್ಡಿ ಒಂದು ಜೊತೆ ತಂದಿದ್ದೆ. ಸ್ವೆಟರ್ ಹೆಣೆದು ಉಳಿದ ಉಂಡೆಗಳು ಒಂದು ಚೀಲ ತುಂಬಾ ಇದ್ದವು, ಅವನ್ನೆಲ್ಲ ಕಂಬಳಿಯ ಚೌಕಗಳಾಗಿ ಮಾಡಿ ಅನಾಥಾಶ್ರಮಕ್ಕೆ ಕೊಡೋಣ ಅಂತ.

ಕಡ್ಡಿ ಚೆನ್ನಾಗಿದೆ. ಸ್ಟೀಲ್ ಕಡ್ಡಿಯಲ್ಲಿ ಆಕ್ರಿಲಿಕ್, ಅಂದರೆ ಕೃತಕ ನೂಲು, ಸರ್ರನೆ ಜಾರುತ್ತದೆ, ಬಸ್ಸಿನಲ್ಲಿ ಕೂತು ಹೆಣೆದರೆ ಅರ್ಧ ಸಾಲು ಕಳಚಿಯೇ ಹೋಗುತ್ತದೆ. ಇದರಲ್ಲಿ ನೂಲು ಹಿಡಿದು ನಿಲ್ಲುತ್ತದೆ, ಸದ್ದೂ ಇಲ್ಲ. ಆದರೆ ತುದಿ ಸ್ವಲ್ಪ ಮೊಂಡು. ಒಂದು ಕಡ್ಡಿಯಲ್ಲಿ ಸೀಳು ಬಂದು ನೂಲು ಸಿಕ್ಕಿಕೊಳ್ಳುತ್ತಿತ್ತು, ಸಣ್ಣ ಉಪ್ಪುಕಾಗದದಿಂದ ಉಜ್ಜಿದ ಮೇಲೆ ಸರಿಯಾಯಿತು. ಕೊಡುವ ಬೆಲೆಗೆ ಇದನ್ನು ಅಂಗಡಿಯವರೇ ನೋಡಬೇಕಿತ್ತು, ಅಲ್ವಾ?

ಚೌಕಕ್ಕೆ ಮೂಲೆಯಿಂದ ಶುರು ಮಾಡಿ. ಎರಡು ಸ್ಟಿಚ್ ಹಾಕಿ, ಪ್ರತಿ ಸಾಲಿಗೂ ಒಂದೊಂದು ಹೆಚ್ಚಿಸುತ್ತಾ ಹೋಗಿ, ಬದಿ 20 ಸೆಂ.ಮೀ. ಮುಟ್ಟಿದ ಮೇಲೆ ಹಾಗೇ ಇಳಿಸುತ್ತಾ ಬನ್ನಿ. ನೂಲು ದಪ್ಪವೋ ತೆಳುವೋ, ಲೆಕ್ಕ ಹಾಕುವ ಗೋಜೇ ಇಲ್ಲ. ಕೊನೆಗೆ ನೂಲಿನ ಉದ್ದ ಬಾಲ ಬಿಟ್ಟರೆ ಜೋಡಿಸಿ ಹೊಲಿಯಲು ಅದೇ ಆಗುತ್ತದೆ. 35 ಚೌಕ, ಅಂದರೆ ಐದು ಸಾಲಿಗೆ ಏಳೇಳು, ಸೇರಿಸಿದರೆ ಒಂದು ಮೀಟರಿಗೆ 1.4 ಮೀಟರ್ ಕಂಬಳಿ.

ಉಣ್ಣೆ, ಆಕ್ರಿಲಿಕ್ ಎರಡನ್ನೂ ಬೆರೆಸಬೇಡಿ. ಬಿಸಿನೀರಿಗೆ ಬಿದ್ದರೆ ಉಣ್ಣೆ ಕುಗ್ಗುತ್ತದೆ, ಆಕ್ರಿಲಿಕ್ ಹಾಗೇ ಇರುತ್ತದೆ. ನನ್ನ ಮೊದಲ ಕಂಬಳಿ ಸೊಟ್ಟಗಾಗಿದ್ದು ಹೀಗೆ. ಗುರುತು ಸಿಗದಿದ್ದರೆ ಚಿಕ್ಕ ತುಂಡು ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಆಕ್ರಿಲಿಕ್.

ಐದಕ್ಕೆ ನಾಲ್ಕು ಕೊಡುತ್ತೇನೆ. ಇನ್ನೊಂದು ಜೊತೆ ತರುವಾಗ ತುದಿ ಮುಟ್ಟಿ ನೋಡಿಯೇ ತರುವುದು.