ಕನ್ನಡಿಯ ಕುಳಿ ಅಳೆಯಲು: ಫೀಲರ್ ಗೇಜೋ, ಸ್ಫೆರೋಮೀಟರೋ, ಟಾರ್ಚೋ?

ದೂರದರ್ಶಕಕ್ಕಾಗಿ ಗಾಜನ್ನು ಪುಡಿ ಹಾಕಿ ಉಜ್ಜಿ ಕನ್ನಡಿ ಮಾಡುವಾಗ ಕುಳಿ ಎಷ್ಟಾಯಿತೆಂದು ಅಳೆಯುತ್ತಿರಬೇಕು. 150 ಮಿ.ಮೀ. ವ್ಯಾಸದ ಎಫ್/8 (ನಾಭಿದೂರ ವ್ಯಾಸದ 8 ಪಟ್ಟು) ಕನ್ನಡಿಗೆ ವಕ್ರತಾ ತ್ರಿಜ್ಯ, ಅಂದರೆ ಕುಳಿ ಯಾವ ಗೋಳದ ಭಾಗವೋ ಅದರ ತ್ರಿಜ್ಯ, ನಾಭಿದೂರದ ಎರಡರಷ್ಟು, 2400 ಮಿ.ಮೀ.; ನಡುವಿನ ಆಳ 1.17 ಮಿ.ಮೀ.

ಒರಟು ಪುಡಿಯಲ್ಲಿ ಉಜ್ಜುವಾಗ ಕನ್ನಡಿಗೆ ಅಡ್ಡ ಇಡುವ ಉಕ್ಕಿನ ಪಟ್ಟಿ, ಅದರಡಿಯ ಸಂದಿಗೆ ತೂರಿಸುವ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ತಗಡುಗಳು) ಸಾಕು, ಅಗ್ಗ ಕೂಡ. ಆದರೆ 0.05 ಮಿ.ಮೀ. ತಪ್ಪಿದರೆ ತ್ರಿಜ್ಯ ಸುಮಾರು 100 ಮಿ.ಮೀ. ಏರುಪೇರು. ಅಂಚಿನ ಇಳಿಜಾರನ್ನು ಬಿಟ್ಟು ವ್ಯಾಸ ಹಿಡಿಯಿರಿ.

ಸ್ಫೆರೋಮೀಟರ್ (ಕಾಲುಗಳ ಮೇಲೆ ನಿಂತು ನಡುವಿನ ಆಳ ತೋರಿಸುವ ಸಾಧನ) ಚುರುಕು. ಕಾಲುಗಳು ನಡುವಿನಿಂದ 50 ಮಿ.ಮೀ. ದೂರದಲ್ಲಿದ್ದರೆ ಓದು 0.52 ಮಿ.ಮೀ., 0.01 ಮಿ.ಮೀ. ತನಕ ಓದುವ ಡಯಲ್ ಸುಮಾರು ಶೇ 2 ತಪ್ಪಬಹುದು. ಮೊದಲು ಸಪಾಟು ಗಾಜಿನ ಮೇಲೆ ಸೊನ್ನೆ ಹೊಂದಿಸಿ. ಗುಂಡು ಕಾಲಿದ್ದರೆ ಲೆಕ್ಕದಲ್ಲಿ ಬಂದ ವಕ್ರತಾ ತ್ರಿಜ್ಯಕ್ಕೆ ಗುಂಡಿನ ತ್ರಿಜ್ಯ ಕೂಡಿಸಿ, ಮರೆಯುವವರೇ ಹೆಚ್ಚು.

ನುಣುಪು ಪುಡಿಯ ಹಂತಕ್ಕೆ ನನ್ನ ಆಯ್ಕೆ ಟಾರ್ಚ್. ಕನ್ನಡಿಯನ್ನು ನಿಲ್ಲಿಸಿ, ಮಂಕು ಗಾಜು ಹೊಳೆಯುವಂತೆ ನೀರು ಚಿಮುಕಿಸಿ, ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಅಲುಗಾಡಿಸಿ. ಪ್ರತಿಬಿಂಬ ಟಾರ್ಚಿನ ಜೊತೆಗೇ ಸರಿದರೆ ಹಿಂದೆ ಹೋಗಿ, ಎದುರು ಸರಿದರೆ ಮುಂದೆ ಬನ್ನಿ. ದಿಕ್ಕು ಬದಲಾಗುವ ಜಾಗದಿಂದ ಕನ್ನಡಿಗಿರುವ ದೂರವೇ ತ್ರಿಜ್ಯ. ನೀರು ಬೇಗ ಆರುತ್ತದೆ, ಸ್ಪ್ರೇ ಬಾಟಲಿ ಹತ್ತಿರವಿರಲಿ.