ಬ್ಯಾಕಪ್ ‘ಸಕ್ಸಸ್’ ಅಂತ ಮೇಲ್ ಬರ್ತಿದೆ ಅಂತ ನೆಮ್ಮದಿಯಾಗಿದ್ದೀರಾ? ನಾನೂ ಹಾಗೇ ಇದ್ದೆ

ಚಾಮರಾಜಪೇಟೆಯಲ್ಲಿ ನಮ್ಮದೊಂದು ಸಣ್ಣ ಆಫ್‌ಸೆಟ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಗೃಹಪ್ರವೇಶದ ಕಾರ್ಡು. ಕಂಪ್ಯೂಟರ್ ನೋಡಿಕೊಳ್ಳೋಕೆ ವರ್ಷಕ್ಕೆ 18,000 ರೂಪಾಯಿ ಎಎಂಸಿ, ಅಂದ್ರೆ ವಾರ್ಷಿಕ ನಿರ್ವಹಣೆ ಗುತ್ತಿಗೆ, ಕೊಡ್ತಿದ್ದೆ. ಯಾರಿಗೆ ಅಂತ ಹೆಸರು ಹಾಕಬೇಡಿ ಅಂದಿದ್ದಾರೆ ವಕೀಲರು. ಇಲ್ಲದಿದ್ರೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ಹಂಚ್ತಿದ್ದೆ, ಪ್ರೆಸ್ಸೂ ನಮ್ಮದೇ ಇದೆಯಲ್ಲ.

ಆಷಾಢದ ಒಂದು ಸೋಮವಾರ ಬೆಳಗ್ಗೆ ಬಂದು ನೋಡಿದ್ರೆ ಸರ್ವರ್‌ನಲ್ಲಿ ಪ್ರತಿ ಫೈಲಿನ ಹೆಸರಿಗೂ ಏನೋ ಬಾಲ ಅಂಟಿಕೊಂಡಿದೆ, ಪ್ರತಿ ಫೋಲ್ಡರಿನಲ್ಲೂ ದುಡ್ಡು ಕೇಳೋ ಒಂದು ಪತ್ರ. ರಾನ್ಸಮ್‌ವೇರ್, ಅಂದ್ರೆ ಫೈಲಿಗೆಲ್ಲ ಬೀಗ ಹಾಕಿ ದುಡ್ಡು ಕೀಳೋ ವೈರಸ್. ಕೈಕಾಲು ತಣ್ಣಗಾಯ್ತು. ಎಎಂಸಿಯವನಿಗೆ ಫೋನ್ ಮಾಡಿದೆ. “ಟೆನ್ಷನ್ ತಗೋಬೇಡಿ ಸರ್, ಬ್ಯಾಕಪ್ ಇದೆಯಲ್ಲ” ಅಂದ. ಹೌದಲ್ಲ, ದಿನಾ ಬೆಳಗ್ಗೆ ‘ಸಕ್ಸಸ್’ ಅಂತ ಮೇಲ್ ಬರ್ತಿತ್ತು. ಹೋದ ಜೀವ ಬಂತು.

ಮಿಷಿನ್ ತಗೊಂಡು ಹೋಗಿ, ಫಾರ್ಮ್ಯಾಟ್ ಮಾಡಿ, ಎರಡು ದಿನ ಬಿಟ್ಟು ತಂದ. ನನ್ನ ಮುಂದೆಯೇ ಮೂರು ಫೈಲ್ ತೆರೆದು ತೋರಿಸಿದ. ಬಾಲ ಇಲ್ಲ, ಹೆಸರು ಸರಿ, ಪಕ್ಕದಲ್ಲಿ ನಾವು ಕಾರ್ಡು ಡಿಸೈನ್ ಮಾಡೋ ಕೋರಲ್ ಸಾಫ್ಟ್‌ವೇರ್‌ನ ಬಲೂನ್ ಗುರುತು. 9,500 ಬಿಲ್. ನಿಂತಲ್ಲೇ ಗೂಗಲ್ ಪೇ ಮಾಡಿದೆ, ಕಾಫಿ ಬೇರೆ ತರಿಸಿದೆ. ಆ ಕಾಫಿ ನೆನೆಸಿಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ.

ಆಷಾಢದಲ್ಲಿ ಮದುವೆ ಇಲ್ಲ, ಹಳೇ ಫೈಲ್ ಯಾರೂ ಮುಟ್ಟಲಿಲ್ಲ. ಶ್ರಾವಣ ಬಂತು. ಹಳೇ ಗಿರಾಕಿಯೊಬ್ಬರು, “ದೊಡ್ಡ ಮಗನಿಗೆ ಮಾಡಿಕೊಟ್ರಲ್ಲ, ಚಿಕ್ಕವನಿಗೂ ಅದೇ ಕಾರ್ಡು ಮಾಡಿಕೊಡಿ” ಅಂದ್ರು. ನಮ್ಮ ಡಿಟಿಪಿ ಹುಡುಗಿ ಹುಡುಕಿ ತೆಗೆದಳು. “ಅಣ್ಣ, ಇದು ತೆರೀತಿಲ್ಲ.” ಇನ್ನೊಂದು ನೋಡಮ್ಮ ಅಂದೆ. ಅದೂ ಇಲ್ಲ. ಮತ್ತೊಂದು, ಇಲ್ಲ. ಇಪ್ಪತ್ತು ಫೈಲ್ ಒತ್ತಿದ್ವಿ. ಆಗ ಅವಳು ಸ್ಕ್ರೀನ್ ಮೇಲೆ ಬೆರಳಿಟ್ಟು ತಾರೀಖಿನ ಸಾಲು ತೋರಿಸಿದಳು. ಕೊನೆಯ ಸಲ ಬದಲಾದದ್ದು: ಎಲ್ಲಕ್ಕೂ ಆ ಸೋಮವಾರದ ಹಿಂದಿನ ಶನಿವಾರ, ರಾತ್ರಿ 2 ಗಂಟೆ 10 ನಿಮಿಷ, 2 ಗಂಟೆ 11 ನಿಮಿಷ, ಹೀಗೇ ಕೆಳಗಿನವರೆಗೂ. 2018ರಲ್ಲಿ ಅಚ್ಚಾಗಿ, ಹಂಚಿ, ಊಟವೂ ಮುಗಿದ ಮದುವೆಯ ಕಾರ್ಡನ್ನು ಈ ಆಷಾಢದ ನಡುರಾತ್ರಿ ಯಾರು ತಿದ್ದಿದ್ರು?

ಏನೂ ರಿಸ್ಟೋರ್ ಆಗಿರಲಿಲ್ಲ, ಅಂದ್ರೆ ಬ್ಯಾಕಪ್‌ನಿಂದ ಒಂದು ಒಳ್ಳೇ ಫೈಲೂ ವಾಪಸ್ ಬಂದಿರಲಿಲ್ಲ. ಹೆಸರಿನ ಬಾಲ ಕತ್ತರಿಸಿ ತಂದಿದ್ದ, ಅಷ್ಟೇ. ತೆರೆದು ತೋರಿಸಿದ ಆ ಮೂರು ಫೈಲ್ ಅವನ ಲ್ಯಾಪ್‌ಟಾಪ್‌ನಲ್ಲಿ ಮೊದಲೇ ಇದ್ದವಂತೆ.

ಹುಡುಗಿಯ ತಮ್ಮ ಕಂಪ್ಯೂಟರ್ ಓದ್ತಾನೆ, ಬಂದು ನೋಡಿದ. ಒಂದು ಪಿಡಿಎಫ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದ. ಸರಿಯಿರೋ ಫೈಲಾದ್ರೆ ಶುರುವಿನಲ್ಲೇ ಶೇಕಡಾ ಗುರುತು, ಅದಾದ ಮೇಲೆ ಪಿಡಿಎಫ್ ಅನ್ನೋ ಮೂರು ಇಂಗ್ಲಿಷ್ ಅಕ್ಷರ ಇರಬೇಕಂತೆ. ಈಗಿನ ವರ್ಡ್, ಎಕ್ಸೆಲ್ ಫೈಲಿಗೆ ಪಿ, ಕೆ. ನಮ್ಮದರಲ್ಲಿ ಮೊದಲಿಂದ ಕೊನೆತನಕ ಕಸ. ಒಂದು ಫೋಲ್ಡರ್ ಜಿಪ್ ಮಾಡಿ ತೋರಿಸಿದ, ಒಂದಿಷ್ಟೂ ಕುಗ್ಗಲಿಲ್ಲ. ಬೀಗ ಬಿದ್ದ ಫೈಲು ಕುಗ್ಗೋದಿಲ್ಲ ಅಣ್ಣ ಅಂದ.

ಆಮೇಲೆ ಹಳೇ ಮೇಲ್ ತೆಗೆಸಿದ. ನಾಚಿಕೆಯಾಗೋದು ಇಲ್ಲಿ. ದಿನಾ ರಾತ್ರಿ ಕಾಪಿ ಆಗ್ತಿದ್ದದ್ದು 200-300 ಎಂಬಿ. ಆ ಭಾನುವಾರ ರಾತ್ರಿ 412 ಜಿಬಿ! ಪಕ್ಕದಲ್ಲೇ ‘ಸಕ್ಸಸ್’. ಬೀಗ ಬಿದ್ದ ಅಷ್ಟೂ ಫೈಲನ್ನ ನಿಷ್ಠೆಯಿಂದ ಕಾಪಿ ಮಾಡಿ, ಒಳ್ಳೇದನ್ನ ಅಳಿಸಿ ಹಾಕಿದೆ. ಬಂದ ಮೇಲ್ ನೋಡಿಯೂ ನೋಡದ ಹಾಗೆ ದಿನಾ ತಳ್ಳಿದವನು ನಾನೇ.

ಅವನಿಗೆ ಫೋನ್ ಹಚ್ಚಿದೆ. “ಸರ್, ಬ್ಯಾಕಪ್ ತಗೊಳ್ಳೋದು ನಮ್ಮ ಕೆಲಸ, ಒಳಗೇನಿದೆ ನೋಡೋದು ನಮ್ಮ ಸ್ಕೋಪ್ ಅಲ್ಲ.” ಕೋಟೇಶನ್‌ನಲ್ಲಿ 30 ದಿನದ ಹಳೇ ಕಾಪಿ ಇಡ್ತೀವಿ ಅಂತ ಬರೆದಿದ್ರಲ್ಲಪ್ಪ? “ಡಿಸ್ಕ್ ಸಾಲಲಿಲ್ಲ ಸರ್, ಮಿರರ್ ಹಾಕಿದ್ವಿ.” ಅಂದ್ರೆ ಹಳೇದು ಉಳಿಯಲ್ಲ, ಸರ್ವರ್‌ನಲ್ಲಿ ಇವತ್ತು ಏನಿದೆಯೋ ಅದರದ್ದೊಂದೇ ಕಾಪಿ. ಹೇಳಿದ್ರಾ? “ಮೇಲ್‌ನಲ್ಲಿ ಇತ್ತು ಸರ್.” ಬಾಲ ಯಾಕೆ ತೆಗೆದ್ರಿ? “ಕೆಲವು ಸಲ ಓಪನ್ ಆಗುತ್ತೆ ಸರ್, ಟ್ರೈ ಮಾಡಿದ್ವಿ.” ಟ್ರೈ ಮಾಡಿದ್ದಕ್ಕೆ 9,500! ಮನೆಯಿಂದಲೇ ಸಪೋರ್ಟ್ ಕೊಡೋಕೆ ಅಂತ ರಿಮೋಟ್ ಡೆಸ್ಕ್‌ಟಾಪ್, ಅಂದ್ರೆ ದೂರದಿಂದಲೇ ನಮ್ಮ ಸರ್ವರ್ ಒಳಗೆ ಬರೋ ಬಾಗಿಲು, ಹೊರಗಡೆಗೆ ತೆರೆದಿಟ್ಟಿದ್ದವನೂ ಅವನೇ. ಅದನ್ನ ಕೇಳಿದ್ದಕ್ಕೆ ಫೋನ್ ಕಟ್. ಮರುವಾರ ವಾಟ್ಸಾಪ್‌ನಲ್ಲಿ ರಿನ್ಯೂವಲ್ ಕೋಟೇಶನ್ ಕಳಿಸಿದ್ದಾನೆ, ಎರಡು ಸಾವಿರ ಜಾಸ್ತಿ.

ಇಂಥದ್ದು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಬಂದಿದೆಯಂತೆ. ಅವನು ಬಾಯಿ ಬಿಡಲಿಲ್ಲ. ಸೈಬರ್ ಅಪರಾಧ ನೋಡೋ ಸೆನ್ ಪೊಲೀಸ್ ಠಾಣೆಗೆ ದೂರು ಕೊಡೋಕೆ ಹೋದ್ರೆ ದುಡ್ಡು ಕೇಳಿದ ಆ ಪತ್ರ ಎಲ್ಲಿ ಅಂತ ಕೇಳಿದ್ರು. ಫಾರ್ಮ್ಯಾಟ್‌ನಲ್ಲಿ ಹೋಗಿತ್ತು! ಹುಡುಗಿ ಮೊಬೈಲ್‌ನಲ್ಲಿ ಫೋಟೋ ಹೊಡೆದಿದ್ದಕ್ಕೆ ಬಚಾವ್. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್‌ನವರು ಸೇರಿ 2016ರಲ್ಲಿ ಶುರುಮಾಡಿದ ‘ನೋ ಮೋರ್ ರಾನ್ಸಮ್’ ವೆಬ್‌ಸೈಟಿನಲ್ಲಿ ಬೀಗ ತೆಗೆಯೋ ಟೂಲ್ ಪುಕ್ಕಟೆ ಸಿಗುತ್ತೆ, ನಮಗೆ ಬಡಿದ ವೈರಸ್ ತಳಿಗೆ ಮಾತ್ರ ಇಲ್ಲ.

ಬ್ಯಾಕಪ್ ಮೇಲ್‌ನಲ್ಲಿ ಸೈಜ್ ನೋಡಿ, ಸೈಜ್. ರಿಸ್ಟೋರ್ ಆಯ್ತು ಅಂದ್ರೆ ಅವನು ತೋರಿಸಿದ ಫೈಲಲ್ಲ, ನೀವು ಕೇಳಿದ ಫೈಲ್ ತೆರೆಸಿ. ಆಮೇಲೆ ದುಡ್ಡು. ಕಾಫಿ ಬೇಡವೇ ಬೇಡ. ನಾನಂತೂ ಎಸ್‌ಪಿ ರೋಡಿನಿಂದ ಎರಡು ಡಿಸ್ಕ್ ತಂದಿದ್ದೀನಿ, ಕಾಪಿ ಆದ ಮೇಲೆ ವೈರ್ ಕಿತ್ತು ಮನೆ ಬೀರುವಿಗೆ.

ಗಿರಾಕಿ ಮನೆಯಲ್ಲಿ ಹಳೇ ಕಾರ್ಡು ಒಂದೇ ಒಂದು ಉಳಿದಿತ್ತು, ಅರಿಶಿನ ಕುಂಕುಮದ ಕಲೆ ಸಮೇತ. ಅದನ್ನ ಪಕ್ಕದಲ್ಲಿಟ್ಟುಕೊಂಡು ಹುಡುಗಿ ‘ನುಡಿ’ ಸಾಫ್ಟ್‌ವೇರ್‌ನಲ್ಲಿ ಮೊದಲಿಂದ ಟೈಪ್ ಮಾಡ್ತಿದ್ದಾಳೆ. ಬಾರ್ಡರ್ ಇನ್ನೂ ಸರಿ ಬಂದಿಲ್ಲ.